ಶೆಟ್ರು ಮಾತು ನಿಲ್ಲಿಸಿದ ದೆವ್ವದ ಚಿತ್ರ

1946ರ ದೀಪಾವಳಿ ಕಳೆದು ಕೊಯ್ಲು ಮುಗಿಯುವ ಹೊತ್ತಿಗೆ ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಟೂರಿಂಗ್ ಟಾಕೀಸೆಂದರೆ ಊರೂರು ಸುತ್ತುವ ಡೇರೆ ಸಿನಿಮಾ. ಮಳೆಗಾಲ ಮುಗಿದ ಮೇಲೆ ಕೊಯ್ದ ಗದ್ದೆಯಲ್ಲಿ ಡೇರೆ ಎಬ್ಬಿಸಿ, ಬಿಳಿ ಬಟ್ಟೆಯ ಪರದೆ ಕಟ್ಟಿ, ಜನ ಬರುವಷ್ಟು ಕಾಲ ಚಿತ್ರ ತೋರಿಸಿ, ಮತ್ತೆ ಗಂಟುಮೂಟೆ ಕಟ್ಟಿ ಮುಂದಿನ ಊರಿಗೆ ಹೋಗುವುದು ನಮ್ಮ ಬದುಕು. ಬ್ರಹ್ಮಾವರದಿಂದ ಶಿರೂರಿನವರೆಗೆ ನಮ್ಮ ಸೀಮೆ. ಇಂದಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನನಗೆ ಮಾತ್ರ ಅದು ಹೊಟ್ಟೆಪಾಡೂ ಹೌದು, ಹೆಮ್ಮೆಯೂ ಹೌದು.

ನಮ್ಮಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ಎರಡು ಇದ್ದರೆ ಒಂದರ ರೀಲು ಮುಗಿಯುತ್ತಿದ್ದಂತೆ ಇನ್ನೊಂದನ್ನು ಓಡಿಸಬಹುದು, ಚಿತ್ರಕ್ಕೆ ತಡೆಯಿಲ್ಲ. ನಮ್ಮದರಲ್ಲಿ ಪ್ರತಿ ರೀಲು ಮುಗಿದಾಗಲೂ ದೀಪ ಹಾಕಬೇಕು, ಹಳೆಯ ರೀಲು ಇಳಿಸಿ ಹೊಸದನ್ನು ಏರಿಸಬೇಕು. ಕಾರ್ಬನ್ ಕಡ್ಡಿಗಳನ್ನೂ ನೋಡಿಕೊಳ್ಳಬೇಕು. ಈ ಕಡ್ಡಿಗಳೆರಡರ ನಡುವೆ ವಿದ್ಯುತ್ತು ಹಾರಿದಾಗ ಹುಟ್ಟುವ ಬೆಳಕೇ ಪರದೆಯ ಮೇಲೆ ಚಿತ್ರವಾಗಿ ಬೀಳುತ್ತಿತ್ತು. ಡೇರೆಯ ಹಿಂದೆ ಸ್ವಲ್ಪ ದೂರದಲ್ಲಿ ಆಯಿಲ್ ಎಂಜಿನ್ ಡಬಡಬ ಎನ್ನುತ್ತಿತ್ತು. ನಾನು ಬೆವರು ಒರೆಸಿಕೊಳ್ಳುತ್ತ ರೀಲು ಬದಲಿಸುವಷ್ಟು ಹೊತ್ತು ಜನರನ್ನು ಹಿಡಿದು ಕೂರಿಸುವವರು ಶೀನಪ್ಪ ಶೆಟ್ರು.

ಶೆಟ್ರ ಹುದ್ದೆಯ ಹೆಸರು ವಿವರಣೆಗಾರ. ಆಗ ನಮಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನ ತಮಿಳು ಚಿತ್ರಗಳು, ನಡುನಡುವೆ ಬೊಂಬಾಯಿಯ ಹಿಂದಿ ಚಿತ್ರಗಳು. ಕನ್ನಡದ್ದು ಅಪರೂಪ. ನಮ್ಮ ಜನರಿಗೆ ತಮಿಳು ಎಲ್ಲಿ ತಿಳಿಯಬೇಕು? ಅದಕ್ಕಾಗಿ ಪರದೆಯ ಪಕ್ಕದಲ್ಲಿ ಒಬ್ಬರು ನಿಂತು, ತಗಡಿನ ತುತ್ತೂರಿ ಹಿಡಿದು, ನಡೆಯುತ್ತಿರುವ ಕಥೆಯನ್ನು ಕುಂದಾಪುರದ ಮಾತಿನಲ್ಲಿ ಹೇಳುತ್ತಿದ್ದರು. ಶೆಟ್ರು ಎಡಗೈ ಎತ್ತಿದರೆ ನಾನು ಚಿತ್ರದ ಧ್ವನಿ ತಗ್ಗಿಸಬೇಕು, ಇಳಿಸಿದರೆ ಏರಿಸಬೇಕು. ಅವರ ಕೈ ಇಳಿಯುವುದೇ ಅಪರೂಪ ಎನ್ನಿ.

ಶೆಟ್ರು ಮೊದಲು ತಾಳಮದ್ದಳೆಯಲ್ಲಿ ಹೆಸರು ಮಾಡಿದವರು. ವೇಷವಿಲ್ಲದೆ, ಕುಳಿತಲ್ಲೇ, ಮಾತಿನ ಬಲದಿಂದಲೇ ಪ್ರಸಂಗ ಕಟ್ಟುವ ಕಲೆ ಅದು. ಗಂಟಲು ಕೆಟ್ಟು ಬೆಳಗಿನವರೆಗೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಲಾಗದೆ ಹೋದಾಗ ಡೇರೆಗೆ ಬಂದರು. ಐವತ್ತು ದಾಟಿದ ಆಳು, ಜರಿ ಅಂಚಿನ ಶಾಲು, ಬಾಯಿತುಂಬ ಎಲೆಯಡಿಕೆ, ತಲೆತುಂಬ ಜಂಬ. ಜನ ಬರುವುದು ಚಿತ್ರ ನೋಡಲಿಕ್ಕಲ್ಲ, ತನ್ನ ಮಾತು ಕೇಳಲಿಕ್ಕೆ ಎಂದು ಅವರ ಖಚಿತ ಅಭಿಪ್ರಾಯ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಪುರಾಣದ ಚಿತ್ರವಾದರೆ ಅವರು ರಾವಣನ ಪರವಾಗಿಯೂ ವಾದಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು.

ಆ ವರ್ಷ ನಮ್ಮ ಡೇರೆಗೆ ಒಂದು ಹೊಸ ಬಗೆಯ ಚಿತ್ರ ಬಂತು, ದೆವ್ವದ ಚಿತ್ರ. ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಮೂರೇ ಜಾತಿ: ಪುರಾಣ, ಸ್ಟಂಟು, ಸೋಶಿಯಲ್. ಪುರಾಣದಲ್ಲಿ ದೇವರು ಪ್ರತ್ಯಕ್ಷನಾಗಬೇಕು, ಸ್ಟಂಟಿನಲ್ಲಿ ಕುದುರೆ ಓಡಬೇಕು, ಸೋಶಿಯಲ್‌ನಲ್ಲಿ ಅತ್ತೆ ಸೊಸೆಯನ್ನು ಅಳಿಸಬೇಕು. ಇವಿಷ್ಟು ಕೊಟ್ಟರೆ ಉಳಿದ ತಪ್ಪುಗಳನ್ನೆಲ್ಲ ಜನ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ದೆವ್ವದ ಚಿತ್ರದಲ್ಲಿ ಏನು ಕೊಡಬೇಕು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚಿತ್ರದ ಪೆಟ್ಟಿಗೆಯ ಜೊತೆ ಬಂದ ಕಥಾಸಾರದ ಹಾಳೆಯಲ್ಲಿ ನಾವು ಓದಿಕೊಂಡ ಕಥೆ ಇಷ್ಟು. ಹೊಸದಾಗಿ ಮದುವೆಯಾದ ಹೆಣ್ಣೊಬ್ಬಳು ದೊಡ್ಡ ಮನೆಗೆ ಬರುತ್ತಾಳೆ. ಕತ್ತಲಾದರೆ ಬಾವಿಯ ಕಡೆಯಿಂದ ಯಾರೋ ಅತ್ತಂತೆ ಕೇಳುತ್ತದೆ. ಪಡಸಾಲೆಯ ಉಯ್ಯಾಲೆ ತನ್ನಷ್ಟಕ್ಕೆ ತೂಗುತ್ತದೆ. ಮೊದಲ ಹೆಂಡತಿ ಬಾವಿಗೆ ಬಿದ್ದು ಸತ್ತವಳು, ಅವಳೇ ಪೀಡೆಯಾಗಿ ಬಂದಿದ್ದಾಳೆ ಎಂದು ಮನೆಯವರೆಲ್ಲ ನಡುಗುತ್ತಾರೆ. ಕೊನೆಗೆ ನೋಡಿದರೆ ಆಸ್ತಿಯ ಆಸೆಗೆ ಮೈದುನನೇ ಸೀರೆ ಉಟ್ಟು ಹೆದರಿಸುತ್ತಿದ್ದದ್ದು. ಪೊಲೀಸರು ಅವನನ್ನು ಎಳೆದುಕೊಂಡು ಹೋಗುತ್ತಾರೆ, ಗಂಡ ಹೆಂಡತಿ ಸುಖವಾಗಿರುತ್ತಾರೆ.

ಬ್ರಹ್ಮಾವರದಲ್ಲಿ ಮೊದಲ ಪ್ರದರ್ಶನ. ಡೇರೆ ಕಿಕ್ಕಿರಿದಿತ್ತು. ಶೆಟ್ರು ಅಭ್ಯಾಸದಂತೆ ಶುರುಮಾಡಿದರು. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಇವ ದೇವ, ಇವ ರಕ್ಕಸ ಎಂದು ಮುಖದ ಬಣ್ಣವೇ ಹೇಳಿಬಿಡುತ್ತದೆ. ಜನರಿಗೆ ಕಥೆ ಮೊದಲೇ ಗೊತ್ತು, ಗೊತ್ತಿದ್ದರೇ ಅವರಿಗೆ ಸುಖ. ಆ ಗರಡಿಯಲ್ಲಿ ಪಳಗಿದ ಶೆಟ್ರು ಯಾವ ಚಿತ್ರವಾದರೂ ಪಾತ್ರ ಕಂಡ ಕೂಡಲೇ ಗುರುತು ಹೇಳುವವರು. ಮೈದುನ ಪರದೆಯ ಮೇಲೆ ಕಾಲಿಟ್ಟದ್ದೇ ತಡ, ತುತ್ತೂರಿ ಎತ್ತಿದರು.

“ಕಾಣಿ, ಈ ಮೀಸಿ ಹೊತ್ಕಂಡ್ ಬಂದನಲೆ, ಇವ್ನೇ ಮನಿಹಾಳ. ಮುಂದೆ ಎಂತೆಂತ ಮಾಡ್ತ ಕಾಣಿ!”

ಅಲ್ಲಿಗೆ ದೆವ್ವ ಸತ್ತಿತು. ಬಾವಿಯಿಂದ ಅಳು ಕೇಳಿದಾಗ ಜನ ಹೆದರಲಿಲ್ಲ, “ಮೈದುನ ಕೂಗ್ತಾ ಇದ್ದ” ಎಂದರು. ಬಿಳಿ ಸೀರೆ ಕಾಣಿಸಿಕೊಂಡಾಗ ಬೆಂಚಿನ ಕಡೆಯಿಂದ ಶಿಳ್ಳೆ ಬಿತ್ತು. ಯಾರೋ ಒಬ್ಬ ಎದ್ದು ನಿಂತು, “ಹ್ವಾಯ್ ಶೆಟ್ರೆ, ಈ ಪೀಡಿಗೆ ನಮ್ಮನಿ ಬೆಕ್ಕೂ ಹೆದ್ರುದಿಲ್ಲೆ ಮರ್ರೆ!” ಎಂದು ಕೂಗಿದ. ಡೇರೆಗೆ ಡೇರೆಯೇ ನಕ್ಕಿತು. ಶೆಟ್ರಿಗೆ ಮುಖಭಂಗವಾದರೂ ಬಿಡಲಿಲ್ಲ. ಮೈದುನನ ಕೈಗೆ ಕೋಳ ಬಿದ್ದ ಕೂಡಲೇ ಪರಸ್ತ್ರೀ, ಪರಧನ ಎಂದು ನಾಲ್ಕು ನೀತಿ ಹೇಳಿ ಮಂಗಳ ಹಾಡಿದರು. ಇದೂ ತಾಳಮದ್ದಳೆಯ ಅಭ್ಯಾಸವೇ. ಮಂಗಳ ಕೇಳಿದ ಮೇಲೆ ನಮ್ಮ ಜನ ಒಂದು ಕ್ಷಣ ಕೂರುವುದಿಲ್ಲ. ಎಲ್ಲರೂ ಎದ್ದರು, ಪಂಚೆ ಕೊಡವಿಕೊಂಡರು, ಚಪ್ಪಲಿ ಹುಡುಕಿದರು. ಪರದೆಯ ಮೇಲೆ ಚಿತ್ರ ಇನ್ನೂ ಓಡುತ್ತಲೇ ಇತ್ತು. ನಿಂತವರ ತಲೆಗಳ ನಡುವೆ ನನಗೇನೂ ಕಾಣಲಿಲ್ಲ.

ಎಲ್ಲರೂ ನಗುತ್ತ ಹೊರಟ ಮೇಲೆ ಹೆಂಗಸರ ಬದಿಯಿಂದ ಒಬ್ಬಾಕೆ ಮಲಗಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಶೆಟ್ರ ಹತ್ತಿರ ಬಂದಳು. ಗಿರಿಜಕ್ಕ ಎಂದು ಹೆಸರು, ಹಂಗಾರಕಟ್ಟೆಯವಳು. ಕೂಸು ತೊಡೆಯ ಮೇಲೆ ನಿದ್ದೆ ಹೋಗಿದ್ದರಿಂದ ಎಲ್ಲರಂತೆ ಏಳಲಾಗದೆ ಮುಂದಿನ ಸಾಲಿನಲ್ಲಿ ಕೊನೆಯವರೆಗೂ ಕೂತಿದ್ದವಳು. ಅವಳ ಮುಖ ಬಿಳಿಚಿಕೊಂಡಿತ್ತು.

“ಶೆಟ್ರೆ, ಒಂದ್ ಕೇಂತೆ, ನಗಾಡ್ಬೇಡಿ. ಆ ಮೈದುನನ್ನ ಪೊಲೀಸ್ರ್ ಎಳ್ಕಂಡ್ ಹೋಯಾಯ್ತಲೆ. ಮತ್ತೆ ಆ ಉಯ್ಯಾಲಿ ತೂಗದ್ ಯಾರ್?”

ಶೆಟ್ರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮೈದುನ ಹೋದ ಮೇಲೂ ಉಯ್ಯಾಲೆ ತೂಗಿತೆ? ಆಕೆಯ ಗಂಡ ಬಂದು ಕರೆದ. ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೇ ಅವಳು ಹೋದಳು.

ಮರುದಿನ ಮುಸ್ಸಂಜೆ, ಗೇಟು ತೆರೆಯುವ ಮೊದಲು, ಶೆಟ್ರು ಕೊನೆಯ ರೀಲು ಒಮ್ಮೆ ಓಡಿಸಲು ಹೇಳಿದರು. ನಾವಿಬ್ಬರೇ ನೋಡಿದೆವು. ಮೈದುನ ಹೋಗುತ್ತಾನೆ. ಗಂಡ ಹೆಂಡತಿ ನಗುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆಮೇಲೆ ಖಾಲಿ ಪಡಸಾಲೆ, ನಡುವೆ ಉಯ್ಯಾಲೆ. ಅದು ಸುಮ್ಮನೆ ನಿಂತಿರುತ್ತದೆ. ಕೊಂಚ ಹೊತ್ತಾದ ಮೇಲೆ, ಯಾರೋ ಬಂದು ಕೂತ ಹಾಗೆ ಸರಪಳಿ ಒಮ್ಮೆ ಜಗ್ಗುತ್ತದೆ, ಮೆಲ್ಲಗೆ ತೂಗತೊಡಗುತ್ತದೆ. ಅಲ್ಲಿಗೆ ಮುಗಿಯಿತು. ಮೈದುನ ಮಾಡಿದ್ದು ಮೋಸವೇ ಸರಿ, ಮೊದಲ ಹೆಂಡತಿ ಮಾತ್ರ ನಿಜವಾಗಿಯೂ ಆ ಮನೆಯಲ್ಲಿದ್ದಳು! ಶೆಟ್ರು ಯಾವಾಗಲೂ ಪರದೆಗೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ ಮಂಗಳ ಹಾಡುವವರು. ಅವರೂ ಅದನ್ನು ಕಂಡದ್ದು ಅದೇ ಮೊದಲು.

ಅವರು ಅದೇ ರೀಲನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಆಮೇಲೆ, “ಈ ಚಿತ್ರ ಮಾಡ್ದವ ಗಟ್ಟಿಗ ಮಾರಾಯ,” ಎಂದರು. ಶೆಟ್ರ ಬಾಯಿಂದ ಇನ್ನೊಬ್ಬರ ಹೊಗಳಿಕೆ ನಾನು ಕೇಳಿದ್ದೂ ಅದೇ ಮೊದಲು.

ಆದರೆ ಬ್ರಹ್ಮಾವರದಲ್ಲಿ ಕೆಲಸ ಕೆಟ್ಟಾಗಿತ್ತು. ಮೈದುನನ ಗುಟ್ಟು ಸಂತೆಯವರೆಗೂ ಹೋಗಿತ್ತು, ಬಂದವರು ಬೆರಳೆಣಿಕೆಯ ಜನ. ನಮ್ಮ ಧಣಿಗಳು ಪದ್ಮನಾಭಯ್ಯ ಡೇರೆ ಬಿಚ್ಚಿಸಿದರು. ಕುಂದಾಪುರದ ಹೊಳೆಯನ್ನು ಆಗ ಎರಡು ದೋಣಿ ಜೋಡಿಸಿದ ಜಂಗಲಿನಲ್ಲಿ ದಾಟಬೇಕು. ಎಂಜಿನ್ನು, ಡೇರೆ, ಚಿತ್ರದ ಪೆಟ್ಟಿಗೆ ಎಲ್ಲ ಏರಿಸಿ ನಾವೂ ನಿಂತೆವು. ಹೊಳೆಯ ನಡುವೆ ಧಣಿಗಳು ಶೆಟ್ರಿಗೆ ನೇರವಾಗಿ ಹೇಳಿದರು.

“ಶೆಟ್ರೆ, ಪ್ಯಾಟಿ ಬದಿಯ ಡೇರಿಯಲ್ಲೆಲ್ಲ ಈಗ ಮಾತಾಡುವವ್ರನ್ನ ಬಿಟ್ರಂಬ್ರ್. ರೀಲ್ ಬದಲ್ಸುವಾಗ ಗ್ರಾಮಾಫೋನ್ ಹಾಕ್ತ್ರಂಬ್ರ್. ಬೈಂದೂರಲ್ಲೂ ಹೀಂಗೇ ಆರೆ ನಾನೂ ಅದನ್ನೇ ಮಾಡುದ್.”

ಶೆಟ್ರು ಹೊಳೆಯ ಕಡೆ ತಿರುಗಿ ಎಲೆಯಡಿಕೆ ಉಗುಳಿದರು. ಆಚೆ ದಡದಲ್ಲಿ ಇದ್ದಿಲು ಗ್ಯಾಸಿನ ಬಸ್ಸಿಗೆ ಕಾಯುವಾಗ ನನ್ನನ್ನು ಪಕ್ಕಕ್ಕೆ ಕರೆದರು.

“ಗಣಪ, ಬೈಂದೂರಲ್ಲ್ ನಾನ್ ಅರ್ಧ ಚಿತ್ರ ಮಾತಾಡುದಿಲ್ಲೆ. ಮಂಗಳವೂ ಇಲ್ಲೆ. ನನ್ ಕೈ ಕೆಳಗ್ ಬಂದ್ರೆ ಮತ್ತ್ ಮೇಲ್ ಹೋತಿಲ್ಲೆ. ಕಡಿಗ್ ದೀಪ ಹಾಕುಕೆ ಗಡಿಬಿಡಿ ಮಾಡ್ಬೇಡ.”

ನಾನು ತಡೆದೆ. “ಶೆಟ್ರೆ, ನೀವ್ ಸುಮ್ನಿದ್ರೆ ಧಣಿಗಳ್ ಎಂತ ಹೇಳ್ತ್ರ್ ಗೊತ್ತಿತ್ತಲೆ? ನಿಮ್ ಅನ್ನಕ್ಕೆ ನೀವೇ ಮಣ್ಣ್ ಹಾಕ್ಕಂಡಾಂಗೆ.”

“ಗೊತ್ತಿತ್ತ್ ಮಾರಾಯ. ಆರೆ ಆ ಹೆಂಗ್ಸಿನ ಮುಖ ನೀನೂ ಕಂಡೆ ಅಲ್ದಾ? ಅಷ್ಟ್ ಜನೂ ಹಾಂಗೆ ಹೆದ್ರಿ ಮನಿಗ್ ಹೋಯ್ಕ್. ನಾನ್ ಹೇಳಿ ಹೇಳಿ ಕಥಿ ಗೆಲ್ಸಿದ್ದೆ. ಹೇಳ್ದೆ ಗೆಲ್ಸುಕೆ ಆತ್ತಾ ಕಾಂಬ.”

ಮಾತೇ ಬದುಕಾದ ಮನುಷ್ಯ, ಕೆಲಸ ಹೋಗುವ ಹೊಸ್ತಿಲಲ್ಲಿ ನಿಂತು, ಬಾಯಿ ಮುಚ್ಚುತ್ತೇನೆ ಎನ್ನುತ್ತಿದ್ದಾರೆ. ಅಷ್ಟು ದಿನ ಅವರ ಜಂಬ ಕಂಡು ಒಳಗೊಳಗೇ ನಗುತ್ತಿದ್ದ ನನಗೆ ಆ ಹೊತ್ತಿನಲ್ಲಿ ಅವರ ಮೇಲೆ ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಬೈಂದೂರಿನಲ್ಲಿ ಶೆಟ್ರು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೊದಮೊದಲು ಅವರು ಹಿಂದೆಂದೂ ಆಡದಷ್ಟು ಆಡಿದರು. ಮದುಮಗಳು ಹೊಸ ಮನೆಗೆ ಬಂದಾಗ, “ಪಾಪದ ಹೆಣ್ಣ್ ಕಾಣಿ, ಉಪ್ಪುಂದದ ಬದಿಯ ಹೆಣ್ಣಿನಾಂಗೆ ಇತ್ತಲೆ” ಎಂದು ಎಲ್ಲರನ್ನೂ ನಗಿಸಿದರು. ಅವಳು ಒಲೆ ಊದುವಾಗ ಹೊಗೆಗೆ ಕಣ್ಣೊರೆಸಿಕೊಂಡರೆ ಅದಕ್ಕೊಂದು ಮಾತು, ಗಂಡನಿಗೆ ನಾಚಿಕೊಂಡು ನೀರು ಕೊಟ್ಟರೆ ಇನ್ನೊಂದು. ಹೆಂಗಸರ ಬದಿಯವರೆಲ್ಲ ಅವಳನ್ನು ತಮ್ಮ ಮನೆಯ ಮಗಳು ಮಾಡಿಕೊಂಡುಬಿಟ್ಟರು. ಮೈದುನ ಬಂದಾಗ ಶೆಟ್ರು, “ಒಳ್ಳೆ ಮೈದುನ, ಅತ್ತಿಗಿ ಅಂದ್ರೆ ಜೀವ” ಎಂದು ಹೊಗಳಿದರು. ನಾನು ಪ್ರೊಜೆಕ್ಟರಿನ ಕ್ಯಾಬಿನ್ನಿನಲ್ಲಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದೆ.

ಇಂಟರ್‌ವೆಲ್ ಕಳೆಯಿತು. ಬಾವಿಯ ದೃಶ್ಯ ಬಂತು.

“ಹೆಣ್ಣ್ ಬಾಗ್ಲ್ ತೆಗೀತ್. ಹೊರಗ್ ಕಂಡ್ರೆ ಯಾರೂ ಇಲ್ಲೆ. ಆರೂ ಬಾವಿ ಬದಿಗ್ ಹೋತ್. ಒಂದ್ ಹೆಜ್ಜಿ ಇಡ್ತ್. ಮತ್ತೊಂದ್ ಹೆಜ್ಜಿ ಇಡ್ತ್. ಅಲ್ಲ್...”

ಅಷ್ಟೇ. ಶೆಟ್ರ ಕೈ ಕೆಳಗೆ ಬಂತು. ತುತ್ತೂರಿಯನ್ನು ನೆಲದ ಮೇಲಿಟ್ಟರು. ತಿರುಗಿ, ಎಲ್ಲರಂತೆ ತಾವೂ ಪರದೆಯ ಕಡೆ ಮುಖ ಮಾಡಿ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಚಿತ್ರದ ಧ್ವನಿ ಏರಿಸಿದೆ.

ಡೇರೆಯಲ್ಲಿ ಉಸಿರೂ ಕೇಳಿಸುತ್ತಿರಲಿಲ್ಲ. ಅಲ್ಲಿಯವರೆಗೆ ಕೈಹಿಡಿದು ನಡೆಸುತ್ತಿದ್ದ ದನಿ ಥಟ್ಟನೆ ನಿಂತಿತ್ತು. ಶೆಟ್ರೇ ಬಾಯಿ ಮುಚ್ಚಿದರೆಂದರೆ ಅಲ್ಲಿ ಏನೋ ಇದೆ ಎಂದು ಜನರಿಗೆ ಅನ್ನಿಸಿಬಿಟ್ಟಿತು. ರೀಲು ಬದಲಿಸಲು ದೀಪ ಹಾಕಿದಾಗಲೂ ಶೆಟ್ರು ತಿರುಗಲಿಲ್ಲ, ಮಾತಾಡಲಿಲ್ಲ. ಸದಾ ಗಲಾಟೆಯಾಗುವ ಆ ಹೊತ್ತಿನಲ್ಲಿ ಜನ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಬೆಂಚಿನವರು ಕೆಲವರು ನೆಲಕ್ಕಿಳಿದು ಹೆಚ್ಚು ಜನ ಇದ್ದಲ್ಲಿ ಸೇರಿಕೊಂಡರು. ಮೈದುನ ಸಿಕ್ಕಿಬಿದ್ದಾಗ ಹೋ ಎಂದು ದೊಡ್ಡ ಉದ್ಗಾರ. ಎಲ್ಲರಿಗೂ ಹೋದ ಜೀವ ಬಂದಂತಾಗಿ ನಕ್ಕರು. ಮಂಗಳ ಕೇಳಿಸಲಿಲ್ಲವಾದ್ದರಿಂದ ಯಾರೂ ಏಳಲಿಲ್ಲ.

ಖಾಲಿ ಪಡಸಾಲೆ ಕಾಣಿಸಿತು. ಸರಪಳಿ ಜಗ್ಗಿತು. ಉಯ್ಯಾಲೆ ತೂಗಿತು.

ಹೆಂಗಸರ ಬದಿಯಿಂದ ಎದ್ದ ಚೀರಾಟಕ್ಕೆ ಹೊರಗೆ ಎಂಜಿನ್ ನೋಡಿಕೊಳ್ಳುತ್ತಿದ್ದವನು ಡೇರೆಗೆ ಬೆಂಕಿ ಬಿತ್ತೆಂದು ಓಡಿಬಂದ. ಆಮೇಲೆ ಜನ ಹೊರಟ ಚಂದ ನೋಡಬೇಕಿತ್ತು. ತೆಂಗಿನ ಗರಿಯ ಸೂಡಿ ಹೊತ್ತಿಸಿಕೊಂಡು, ಗುಂಪು ಗುಂಪಾಗಿ, ದೊಡ್ಡ ದನಿಯಲ್ಲಿ ರಾಮ ರಾಮ ಎನ್ನುತ್ತ, ನಡುನಡುವೆ ತಮ್ಮ ಹೆದರಿಕೆಗೆ ತಾವೇ ನಗುತ್ತ ಹೋದರು. ಮರುದಿನ ಡೇರೆಯ ಬದಿಯ ಬಟ್ಟೆ ಮೇಲೆತ್ತಿ ಹೊರಗೂ ಜನರನ್ನು ಕೂರಿಸಬೇಕಾಯಿತು. ಇನ್ನೂ ಮೆಚ್ಚಬೇಕಾದ ಸಂಗತಿ ಬೇರೆ ಇದೆ. ನೋಡಿದವರು ಯಾರೂ ಕೊನೆಯನ್ನು ಬಿಟ್ಟುಕೊಡಲಿಲ್ಲ. ಬಸ್ಸಿನಲ್ಲಿ, ಮೀನು ಮಾರುವಲ್ಲಿ ಯಾರು ಕೇಳಿದರೂ “ಹೇಳುಕಾತ್ತಿಲ್ಲೆ, ಹೋಯಿ ಕಾಣಿ” ಎಂದಷ್ಟೇ ಉತ್ತರ. ಕಥೆ ಮೊದಲೇ ತಿಳಿದಿರಬೇಕು ಎನ್ನುವ ಜನ ಅಷ್ಟು ಬೇಗ ಹೊಸ ಆಟದ ನಿಯಮ ಕಲಿತದ್ದು ಕಂಡು ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಧಣಿಗಳಿಗೂ ಬಹಳ ಸಂತೋಷವಾಯಿತು, ಆದರೆ ಅವರು ಹಿಡಿದ ಅರ್ಥ ಬೇರೆ. ಶಿರೂರಿಗೆ ಹೊರಡುವ ಹಿಂದಿನ ದಿನ ಶೆಟ್ರನ್ನು ಕರೆದರು. “ನೀವ್ ಸುಮ್ನೆ ನಿಂತದ್ದಕ್ಕೇ ಚಿತ್ರ ಓಡ್ತಲೆ ಶೆಟ್ರೆ. ಸುಮ್ನೆ ನಿಲ್ಲುಕೆ ಒಂದ್ ಆಳ್ ಎಂತಕ್?” ಎಂದರು. ನಾನು ಹೆದರಿದ್ದು ಇದಕ್ಕೇ. ಶೆಟ್ರು ವಾದಿಸಲಿಲ್ಲ. ಪುರಾಣದಲ್ಲಿ ಯಾರ ಪರವಾಗಿಯೂ ವಾದಿಸಬಲ್ಲವರು ತಮ್ಮ ಪರವಾಗಿ ಒಂದು ಮಾತೂ ಆಡದೆ ಶಾಲು ಕೊಡವಿಕೊಂಡು ಉಪ್ಪುಂದದ ಮನೆಗೆ ಹೋದರು. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು.

ಶಿರೂರಿನಲ್ಲಿ ಅದೇ ಚಿತ್ರ, ಅದೇ ಮಷೀನು, ನಾನೇ ಆಪರೇಟರ್. ಪರದೆಯ ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ. ತಮಿಳು ತಿಳಿಯದ ಜನ ತಮ್ಮತಮ್ಮಲ್ಲೇ ಕಥೆ ಕಟ್ಟಿಕೊಂಡರು. ಮದುಮಗಳನ್ನು ಯಾರೂ ಮಗಳು ಮಾಡಿಕೊಳ್ಳಲಿಲ್ಲ, ಅವಳು ಬಾವಿಯ ಕಡೆ ಹೋದರೆ ಹೋಗಲಿ ಎಂದು ಬೀಡಿ ಹಚ್ಚಿದರು. ಡೇರೆ ಸುಮ್ಮನಾಗಲೇ ಇಲ್ಲ. ಕೊನೆಗೆ ಉಯ್ಯಾಲೆ ತೂಗಿತು. ಒಬ್ಬ ಆಕಳಿಸಿ, “ಗಾಳಿ ಬೀಸ್ತ್ ಕಾಣ್ತ್” ಎಂದ.

ಧಣಿಗಳು ಕ್ಯಾಬಿನ್ನಿಗೆ ಬಂದು ಮಷೀನು ಕೆಟ್ಟಿದೆಯೇ ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಪದ್ಮನಾಭಯ್ಯ ಬಿಗಿ ಮನುಷ್ಯನಾದರೂ ಮೊಂಡನಲ್ಲ. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಉಪ್ಪುಂದಕ್ಕೆ ಹೋದರು. ಶೆಟ್ರು ಅಂಗಳದಲ್ಲಿ ಬಲೆಯ ಹರಕು ಕಟ್ಟುತ್ತಿದ್ದ ನೆರೆಯವನಿಗೆ ಯಾವುದೋ ಪ್ರಸಂಗ ಹೇಳುತ್ತಿದ್ದರು. ನಮ್ಮನ್ನು ಕಂಡರೂ ಪೂರ್ತಿ ಹೇಳಿ ಮುಗಿಸಿಯೇ ತಿರುಗಿದರು. ಜಂಬ ಎಲ್ಲಿಗೂ ಹೋಗಿರಲಿಲ್ಲ, ನನಗೆ ಅದನ್ನು ಕಂಡು ಸಮಾಧಾನವಾಯಿತು.

“ಶೆಟ್ರೆ, ತಪ್ಪಾಯ್ತ್. ಬನ್ನಿ” ಎಂದರು ಧಣಿಗಳು.

“ಬತ್ತೆ. ಆರೆ ಎಲ್ಲಿ ಮಾತಾಡುದ್, ಎಲ್ಲಿ ಸುಮ್ನಾಪುದ್, ಅದ್ ನಾನೇ ತೀರ್ಮಾನ ಮಾಡುದ್.”

ಮುಂದೆ ನಾನು ಕಾಯಂ ಥಿಯೇಟರುಗಳಲ್ಲಿ ಅನೇಕ ವರ್ಷ ದುಡಿದೆ, ಹೆದರಿಸುವ ಚಿತ್ರಗಳನ್ನು ಬೇಕಾದಷ್ಟು ಓಡಿಸಿದೆ. ಯಾವುದು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ಮೊದಲ ಪ್ರದರ್ಶನದಲ್ಲೇ ಬಹುಮಟ್ಟಿಗೆ ತಿಳಿಯುತ್ತಿತ್ತು. ದೆವ್ವದ ಮುಖ ಎಷ್ಟು ವಿಕಾರವಾಗಿದೆ ಎಂಬುದು ದೊಡ್ಡದಲ್ಲ. ಮೊದಲು ಯಾರೋ ಒಬ್ಬರ ಬಗ್ಗೆ ನಮಗೆ ಅಕ್ಕರೆ ಹುಟ್ಟಬೇಕು, ಯಾವುದೋ ಒಂದು ದನಿಯನ್ನು ನಾವು ನಂಬಬೇಕು. ಆ ದನಿ ಸರಿಯಾದ ಹೊತ್ತಿಗೆ ನಿಲ್ಲಬೇಕು. ನಿಲ್ಲಿಸುವುದೂ ಒಂದು ಕೆಲಸ, ಅದಕ್ಕೂ ಆಳು ಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ಧಣಿಗಳು ಅದನ್ನು ಕಲಿತದ್ದು ಶೆಟ್ರು ಮರಳಿ ಬಂದ ಆ ಸಂಜೆ, ಶಿರೂರಿನಲ್ಲೇ. ಧಣಿಗಳು ನನ್ನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದರು. ಬಂದದ್ದು ಸ್ವಲ್ಪವೇ ಜನ. ಶೆಟ್ರು ಅವರನ್ನೇ ನಗಿಸಿದರು, ಮದುಮಗಳನ್ನು ಅವರ ಮಡಿಲಿಗೆ ಹಾಕಿದರು. ಧಣಿಗಳೂ ಎಲ್ಲ ಮರೆತು ನಗುತ್ತಿದ್ದರು. ಬಾವಿಯ ದೃಶ್ಯ ಬಂತು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಶೆಟ್ರ ಮಾತು ನಿಂತಿತು. ಧಣಿಗಳು ಗಬಕ್ಕನೆ ನನ್ನ ಭುಜ ಹಿಡಿದುಕೊಂಡರು.

“ಗಣಪ, ಶೆಟ್ರಿಗ್ ಎಂತಾಯ್ತ್ ಮಾರಾಯ? ಎಂತಕ್ ಸುಮ್ನಾದ್ರ್?”

“ಎಂತದೂ ಆಯ್ಲಿಲ್ಲೆ ಧಣಿ,” ಎಂದೆ ನಾನು. “ಅವ್ರ್ ಕೆಲ್ಸ ಮಾಡ್ತಿದ್ರ್.”